ಬರದ ಹೊರೆ ಯಾರ ಹೆಗಲಿಗೆ?

ಮಳೆ ಕೈಕೊಡುವಾಗ ಬಡವ ಬಲ್ಲಿದ ಎಂದು ನೋಡುವುದಿಲ್ಲ. ಆದರೆ ಬರದ ಹೊರೆಯನ್ನು ಯಾರು ಎಷ್ಟು ಹೊರಬೇಕೆಂಬುದು ಮಳೆಗಿಂತ ಬಹಳ ಮೊದಲೇ, ನಲ್ಲಿಯ ಪೈಪು ಯಾವ ಬೀದಿಗೆ ಬಂತು, ಯಾವ ಬೀದಿಗೆ ಬರಲಿಲ್ಲ ಎಂಬುದರಲ್ಲೇ ನಿಶ್ಚಯವಾಗಿರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡದ್ದು ಇದನ್ನೇ.

ಹಿಂದಿನ ವರ್ಷದ ಮುಂಗಾರು ಸೋತಿತ್ತು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮಾರ್ಚಿನಲ್ಲಿ ಸರ್ಕಾರವೇ ಹೇಳಿತು. ಕಾವೇರಿ ನೀರಿದ್ದ ಹಳೆಯ ಬಡಾವಣೆಗಳು ಹೇಗೋ ನಿಭಾಯಿಸಿದವು. 2007ರಲ್ಲಿ ಪಾಲಿಕೆಗೆ ಸೇರಿದ ಹೊರವಲಯದ 110 ಹಳ್ಳಿಗಳ ಬಹುಪಾಲು ಜನರಿಗೆ ಮಾತ್ರ ಕೊಳವೆಬಾವಿ, ಟ್ಯಾಂಕರುಗಳೇ ಗತಿಯಾಗಿದ್ದವು. ಜಿಲ್ಲಾಡಳಿತ ದರಕ್ಕೆ ಕಡಿವಾಣ ಹಾಕಿ, 5 ಕಿ.ಮೀ. ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಗೊತ್ತುಮಾಡಿತು. ಸಾವಿರ ಲೀಟರಿಗೆ 100 ರೂಪಾಯಿ ಬಿತ್ತು. ಜಲಮಂಡಳಿಯ ನಲ್ಲಿಯಿದ್ದ ಮನೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ ಕೊಡುತ್ತಿದ್ದ ನೀರಿನ ದರ 7 ರೂಪಾಯಿ. ಟ್ಯಾಂಕರ್ ನೀರು ತುಂಬಿಸಿಕೊಳ್ಳಲು ಸಂಪಾದರೂ ಬೇಕು. ತಗಡಿನ ಶೆಡ್ಡಿನ ಕೂಲಿಕಾರರಿಗೆ ಅದೂ ಇಲ್ಲ. ಅವರು ಬಿಂದಿಗೆ ಲೆಕ್ಕದಲ್ಲಿ ಕೊಳ್ಳಬೇಕು, ಇಲ್ಲವೇ ಕೆಲಸ ಬಿಟ್ಟು ಸಾಲಿನಲ್ಲಿ ನಿಲ್ಲಬೇಕು.

ಸರ್ಕಾರದ ಬಳಿ ಹಣ ಕಡಿಮೆ, ತೆರಿಗೆ ಹೆಚ್ಚು ಬರುವ ಕಡೆ ಮೊದಲು ಖರ್ಚು ಮಾಡುವುದೇ ವಿವೇಕ ಎನ್ನುವವರಿದ್ದಾರೆ. ಈ ವಾದ ಅರ್ಧ ಲೆಕ್ಕವನ್ನಷ್ಟೇ ಬರೆಯುತ್ತದೆ. ಪೈಪು ಹಾಕದೆ ಉಳಿಸಿದ ಹಣವನ್ನು ಬಡ ಮನೆಗಳು ಟ್ಯಾಂಕರಿನ ಬಾಬ್ತಿನಲ್ಲಿ, ತಪ್ಪಿದ ಕೂಲಿಯಲ್ಲಿ, ಆಸ್ಪತ್ರೆಯ ಖರ್ಚಿನಲ್ಲಿ ತೆರುತ್ತಲೇ ಇರುತ್ತವೆ. ನೀರು ಸಿಗದ ಕಡೆ ಕೊಳವೆಬಾವಿಗಳು ಇನ್ನೂ ಆಳಕ್ಕಿಳಿಯುತ್ತವೆ. ಅಂತರ್ಜಲ ಕುಸಿದಾಗ ನಷ್ಟ ಇಡೀ ಊರಿನದು.

2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ಹೊರವಲಯದ ಆ 110 ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಅದು ಆಗಲೇಬೇಕಿದ್ದ ಕೆಲಸ. ಆದರೆ ಬೀದಿಗೆ ಬಂದ ನೀರು ಮನೆಯೊಳಗೆ ಹರಿಯಲು ಶುಲ್ಕ ಕಟ್ಟಬೇಕು, ಜಾಗದ ದಾಖಲೆ ತೋರಿಸಬೇಕು. ಘೋಷಣೆಯಾಗದ ಕೊಳೆಗೇರಿಯವರೂ ಶೆಡ್ಡುಗಳ ಬಾಡಿಗೆದಾರರೂ ಹೊರಗುಳಿಯುವುದು ಇಲ್ಲಿಯೇ. ಜೊತೆಗೆ ಕಾವೇರಿಯೂ ಮಳೆಯನ್ನೇ ನಂಬಿದ ನದಿ. ಸುಮಾರು 100 ಕಿ.ಮೀ. ದೂರದಿಂದ ಮೇಲೆತ್ತಿ ತರುವ ಆ ನೀರಿನ ದಾರಿಯೂ ಭದ್ರವಲ್ಲ: 2022ರ ಸೆಪ್ಟೆಂಬರಿನಲ್ಲಿ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ಪ್ರವಾಹ ನುಗ್ಗಿ ಬೆಂಗಳೂರಿನ ಸರಬರಾಜು ಏರುಪೇರಾಯಿತು.

ಆದ್ದರಿಂದ ಇಂಥ ಬರ, ಪ್ರವಾಹಗಳಿಗೆ, ಹವಾಮಾನ ಬದಲಾವಣೆಗೆ ಊರನ್ನು ಅಣಿಗೊಳಿಸುವ ಹಣ ಮೊದಲು ಹೋಗಬೇಕಾದದ್ದು ಇನ್ನೂ ನಲ್ಲಿಯಿಲ್ಲದ ಬೀದಿಗಳಿಗೆ. ಹಕ್ಕುಪತ್ರ ಕೇಳದೆ, ವಾಸವಿರುವ ಪುರಾವೆಯ ಮೇಲೆಯೇ ಸಂಪರ್ಕ ಕೊಡಬೇಕು. ಅದಾಗುವವರೆಗೆ ಸಾರ್ವಜನಿಕ ನಲ್ಲಿಗಳನ್ನು ನಡೆಸಬೇಕು. ಅಂತರ್ಜಲ ಉಳಿಯಲು ಹೊರವಲಯದ ಕೆರೆಗಳನ್ನು ಉಳಿಸಬೇಕು. ಮುಂದಿನ ಬರ ಯಾವಾಗ ಬರುತ್ತದೋ ನಮ್ಮ ಕೈಯಲ್ಲಿಲ್ಲ. ಅದು ಬಂದಾಗ ಒಂದೇ ಊರಿನ ಇಬ್ಬರು ಒಂದೇ ನೀರಿಗೆ 7 ರೂಪಾಯಿ, 100 ರೂಪಾಯಿ ಕೊಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.