ಮನೆಗೆ ಬಂದ ಏಳನೇ ದಿನ

ಹಂಪಿಯ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದರೆ ಆನೆಗೊಂದಿ. ಈ ದಡ ವಿಜಯನಗರ ಜಿಲ್ಲೆ, ಆ ದಡ ಕೊಪ್ಪಳ. ಹೊಳೆಗುಂಟ ಇನ್ನಷ್ಟು ಕೆಳಗೆ ಹೋದರೆ ಕಂಪ್ಲಿ, ಅದು ಬಳ್ಳಾರಿ ಜಿಲ್ಲೆಗೆ ಸೇರಿದ್ದು. ಅಲ್ಲಿ ಸೇತುವೆ ದಾಟಿದರೆ ಗಂಗಾವತಿ ಸೀಮೆ, ಮತ್ತೆ ಕೊಪ್ಪಳ. ಕಂದಾಯ ಇಲಾಖೆಯ ನಕ್ಷೆಗೆ ತುಂಗಭದ್ರೆ ಗಡಿ. ಜನರಿಗೆ ಹಾಗಲ್ಲ. ಹೆಣ್ಣು ಕೊಡುವುದು, ತರುವುದು, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಎಲ್ಲವೂ ಎರಡು ದಡಗಳ ನಡುವೆ ನಡೆದೇ ಇದೆ. ಆದ್ದರಿಂದ ಕೊಪ್ಪಳದ ಸಣ್ಣ ಕೂಸುಗಳ ಮೇಲೆ ನಡೆದ ಒಂದು ಅಧ್ಯಯನವನ್ನು ಹೊಸಪೇಟೆ, ಸಂಡೂರು, ಕಂಪ್ಲಿಯವರು ತಮ್ಮ ಮನೆಯ ವಿಷಯವೆಂದೇ ಓದಬೇಕು.

ಅಧ್ಯಯನ 2021ರಲ್ಲಿ ಬಿಎಂಜೆ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡಾ. ಪ್ರೇಮ್ ಮೋನಿ ಅದರ ಮೊದಲ ಲೇಖಕರು. ಇಥಿಯೋಪಿಯಾದ ಕೆಲವು ಪ್ರದೇಶಗಳು, ಹರಿಯಾಣದ ಸೋನಿಪತ್ ಮತ್ತು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ‘ಕಾಂಗರೂ ತಾಯಿ ಆರೈಕೆ’ ಕೊಡಿಸಲು ಸರ್ಕಾರಿ ವ್ಯವಸ್ಥೆಯೊಳಗೇ ಏನು ಮಾಡಬೇಕು ಎಂಬುದನ್ನು ಪ್ರಯೋಗಿಸಿ ನೋಡಿದ ಕೆಲಸ ಅದು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ತಾಯಿಯ ಎದೆ, ಒಂದು ತುಂಡು ಬಟ್ಟೆ, ಎದೆಹಾಲು ಇಷ್ಟೇ.

ಭಾರತದ ಎರಡೂ ಕಡೆ ಸೇರಿ ನೂರಕ್ಕೆ 87 ಕೂಸುಗಳಿಗೆ ಆಸ್ಪತ್ರೆಯಲ್ಲಿ ಈ ಆರೈಕೆ ಶುರುವಾಯಿತು. ನಮ್ಮ ಸರ್ಕಾರಿ ಆಸ್ಪತ್ರೆಗಳ ಗದ್ದಲ ಬಲ್ಲವರಿಗೆ ಇದು ಸಣ್ಣ ಸಾಧನೆಯಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಸಂಖ್ಯೆ 55ಕ್ಕೆ ಇಳಿದಿತ್ತು. ಮನೆಗೆ ಹೋದ ಏಳನೇ ದಿನ ವಿಚಾರಿಸಿದಾಗ ಕರ್ನಾಟಕದಲ್ಲಿ ಉಳಿದದ್ದು 36. ಅದೇ ದಿನಕ್ಕೆ ಸೋನಿಪತ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಆರೈಕೆ ಮುಂದುವರಿದಿತ್ತು.

ಎರಡೂ ಕಡೆ ಸೇರಿ 87ರಲ್ಲಿ ಶುರುವಾದದ್ದು ನಮ್ಮಲ್ಲಿ 36ಕ್ಕೆ ಬಂತು. ಆಸ್ಪತ್ರೆಯ ವಾರ್ಡಿಗೂ ಮನೆಯ ಹೊಸ್ತಿಲಿಗೂ ನಡುವೆ ಏನೋ ಕಳೆದುಹೋಗುತ್ತಿದೆ. ಅಲ್ಲೇ ಕೂಸುಗಳ ಜೀವವೂ ತೂಗುತ್ತಿದೆ.

ಮೊದಲು ಆರೈಕೆ ಹೇಗೆ ಎಂಬುದನ್ನು ಹತ್ತಿರದಿಂದ ನೋಡೋಣ. ಕೂಸಿಗೆ ಟೋಪಿ, ಕಾಲುಚೀಲ, ಒಂದು ಲಂಗೋಟಿ. ಮೈಮೇಲೆ ಬೇರೇನೂ ಇಲ್ಲ. ತಾಯಿ ತುಸು ಹಿಂದಕ್ಕೆ ಒರಗಿ ಕೂರುತ್ತಾಳೆ, ರವಿಕೆಯ ಮುಂಭಾಗ ತೆರೆದಿರುತ್ತದೆ. ಕೂಸನ್ನು ಅವಳ ಎರಡು ಮೊಲೆಗಳ ನಡುವೆ ನೆಟ್ಟಗೆ, ಹೊಟ್ಟೆ ಅವಳ ಮೈಗೆ ತಾಗುವಂತೆ ಇಡುತ್ತಾರೆ. ಕೈಕಾಲು ಮಡಚಿ ಕಪ್ಪೆಯ ಹಾಗೆ ಕೂತಿರುತ್ತದೆ. ಮುಖ ಒಂದು ಪಕ್ಕಕ್ಕೆ, ಕತ್ತು ತುಸು ಮೇಲಕ್ಕೆ. ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟೀತು, ಅದನ್ನೇ ನರ್ಸ್ ಪದೇ ಪದೇ ನೋಡುತ್ತಿರಬೇಕು. ಮೇಲಿಂದ ಅಗಲವಾದ ಮೆತ್ತನೆ ಬಟ್ಟೆಯನ್ನು ಸುತ್ತಿ ಬಿಗಿಯುತ್ತಾರೆ, ಹಳೇ ಸೀರೆಯ ತುಂಡಾದರೂ ಆದೀತು. ಹೀಗೆ ದಿನಕ್ಕೆ ಕನಿಷ್ಠ ಎಂಟು ತಾಸು, ಜತೆಗೆ ಬರೀ ಎದೆಹಾಲು.

ಎಂಟು ತಾಸು ಯಾಕೆ? ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಿಗೆ ಚರ್ಮದಡಿಯ ಕೊಬ್ಬು ಕಡಿಮೆ. ತೂಕಕ್ಕೆ ಹೋಲಿಸಿದರೆ ಮೈ ಹರವು ಜಾಸ್ತಿ. ಬಿಸಿ ಬೇಗ ಸೋರಿಹೋಗುತ್ತದೆ. ಬೇಸಿಗೆಯಲ್ಲಿ ಬಂಡೆಗಳು ಕಾದು ಉರಿಯುವ ಹೊಸಪೇಟೆಯಲ್ಲೂ ಅಂಥ ಕೂಸಿನ ಮೈ ತಣ್ಣಗಾಗಬಲ್ಲದು ಎಂದರೆ ನಂಬುವುದು ಕಷ್ಟ, ಆದರೆ ನಿಜ. ಮೈ ತಣ್ಣಗಾದ ಕೂಸು ಇದ್ದಬದ್ದ ಶಕ್ತಿಯನ್ನೆಲ್ಲ ಬಿಸಿ ಹುಟ್ಟಿಸಲು ಖರ್ಚು ಮಾಡುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ, ಹಾಲು ಚೀಪುವ ಕಸುವು ಹೋಗುತ್ತದೆ, ಸೋಂಕು ಹತ್ತಿಕೊಳ್ಳುತ್ತದೆ. ತಾಯಿಯ ಎದೆ ಈ ಸರಪಳಿಯನ್ನು ಮೊದಲ ಕೊಂಡಿಯಲ್ಲೇ ಕಡಿಯುತ್ತದೆ.

ಈ ಪದ್ಧತಿ ಹುಟ್ಟಿದ್ದು 1978ರ ಸುಮಾರಿಗೆ, ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳನ್ನಿಡುವ ಪೆಟ್ಟಿಗೆಗಳು ಸಾಲದೆ ಬಂದಾಗ ಡಾ. ಎಡ್ಗರ್ ರೇ ತಾಯಂದಿರ ಎದೆಗೇ ಕೂಸುಗಳನ್ನು ಕಟ್ಟಿ ಮನೆಗೆ ಕಳಿಸತೊಡಗಿದರು. ಬಡವರಿಗೆ ಬೇರೆ ಗತಿಯಿಲ್ಲದ್ದಕ್ಕೆ ಮಾಡಿಕೊಂಡ ಉಪಾಯ ಎಂದು ಜಗತ್ತು ಬಹಳ ಕಾಲ ಇದನ್ನು ತಿಳಿದಿತ್ತು. ಆ ತಿಳಿವಳಿಕೆ ಈಗ ಸುಳ್ಳಾಗಿದೆ.

ಸುಳ್ಳಾಗಿಸಿದ್ದು 2021ರ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ವರದಿ. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಆಸ್ಪತ್ರೆಗಳು ಮತ್ತು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಸೇರಿ, ಒಂದು ಕಿಲೋದಿಂದ 1.8 ಕಿಲೋ ಒಳಗಿನ 3,211 ಕೂಸುಗಳನ್ನು ಎರಡು ಗುಂಪು ಮಾಡಿದವು. ಒಂದು ಗುಂಪಿಗೆ ರೂಢಿಯ ಕ್ರಮ: ಮೊದಲು ಯಂತ್ರದ ಬಿಸಿಯಲ್ಲಿಟ್ಟು, ಸ್ಥಿತಿ ಸುಧಾರಿಸಿದ ಮೇಲೆ ತಾಯಿಯ ಎದೆಗೆ. ಇನ್ನೊಂದಕ್ಕೆ ಹುಟ್ಟಿದ ಕೂಡಲೇ ಎದೆಯ ಬಿಸಿ, ದಿನಕ್ಕೆ ಹೆಚ್ಚುಕಡಿಮೆ ಹದಿನೇಳು ತಾಸು. ರೂಢಿಯ ಗುಂಪಿನಲ್ಲಿ 28 ದಿನಗಳೊಳಗೆ ಸತ್ತ ಕೂಸುಗಳು ನೂರಕ್ಕೆ 15.7, ಎದೆಗಪ್ಪಿಕೊಂಡ ಗುಂಪಿನಲ್ಲಿ 12. ಸಾವು ಕಾಲು ಭಾಗ ಕಡಿಮೆ. ಲಾಭ ಇಷ್ಟು ಸ್ಪಷ್ಟವಾಗಿರುವಾಗ ಅರ್ಧ ಕೂಸುಗಳಿಗೆ ಅದನ್ನು ತಪ್ಪಿಸುವುದು ಸರಿಯಲ್ಲವೆಂದು ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಮರುವರ್ಷ, 2022ರ ನವೆಂಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿತು: ಕಾಯುವುದು ಬೇಡ, ಹುಟ್ಟಿದೊಡನೆ ಶುರುಮಾಡಿ, ಎಂಟರಿಂದ ಇಪ್ಪತ್ನಾಲ್ಕು ತಾಸು, ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು.

ಉಸಿರೇ ಆಡಲಾಗದ ಕೂಸುಗಳನ್ನು ಆ ಅಧ್ಯಯನದಿಂದ ಹೊರಗಿಡಲಾಗಿತ್ತು ಎಂಬುದನ್ನೂ ಹೇಳಬೇಕು. ಆಮ್ಲಜನಕ ಬೇಕಾದ ಕೂಸಿಗೆ ಆಮ್ಲಜನಕವೇ ಬೇಕು. ಎದೆ ಇದೆಯೆಂದು ವಿಶೇಷ ನವಜಾತ ಶಿಶು ಘಟಕಕ್ಕೆ ಬೀಗ ಹಾಕುವ ಮಾತು ಯಾರೂ ಆಡಿಲ್ಲ.

ಮನೆಯಲ್ಲೇ ಶುರುಮಾಡಿದರೂ ಫಲವುಂಟೇ ಎಂಬುದಕ್ಕೆ ಹರಿಯಾಣದ ಹಳ್ಳಿಗಳು ಉತ್ತರ ಕೊಟ್ಟಿವೆ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 1.5ರಿಂದ 2.25 ಕಿಲೋವರೆಗಿನ 8,402 ಕೂಸುಗಳಿದ್ದವು. ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಾಯಂದಿರಿಗೆ ಎದೆಗೆ ಕಟ್ಟಿಕೊಳ್ಳುವುದನ್ನು ಕಲಿಸಿದರು. ಮೊದಲ ತಿಂಗಳ ಸಾವು ಶೇ 30ರಷ್ಟು ತಗ್ಗಿತು. ಅಂದರೆ ಏಳನೇ ದಿನಕ್ಕೆ ಆರೈಕೆ ನಿಂತುಹೋದ ಮನೆಯಲ್ಲಿ ಕೈಬಿಟ್ಟು ಹೋಗುತ್ತಿರುವುದು ಇದೇ ರಕ್ಷಣೆ.

ಯಾಕೆ ನಿಲ್ಲುತ್ತದೆ? ಈ ಸೀಮೆಯ ಬಾಣಂತನ ಕಂಡವರಿಗೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಎಣ್ಣೆ ಹಚ್ಚಿ, ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ, ಕುಂಚಿಗೆ ಕಟ್ಟಿ ಮಲಗಿಸುವುದು ಕೂಸಿಗೆ ಹಿರಿಯರು ತೋರುವ ಅಕ್ಕರೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಬಿಸಿ ಬೇಕೆಂಬ ತಿಳಿವಿನಿಂದಲೇ. ಆದರೆ ಎರಡು ಕಿಲೋಗಿಂತ ಕಡಿಮೆಯ ಕೂಸಿಗೆ ಸ್ನಾನವೆಂದರೆ ಮೈಬಿಸಿ ಕಳೆದುಕೊಳ್ಳುವುದು, ಹೊಗೆಯೆಂದರೆ ಇನ್ನೂ ಬಲಿಯದ ಶ್ವಾಸಕೋಶಕ್ಕೆ ಪೆಟ್ಟು. ಅಜ್ಜಿಯ ಅಕ್ಕರೆಯನ್ನು ಮೂಢನಂಬಿಕೆ ಎಂದು ಜರಿದರೆ ಬಾಗಿಲು ಮುಚ್ಚುತ್ತದೆ. ಅದೇ ಅಜ್ಜಿಯ ಎದೆಗೆ ಕೂಸನ್ನು ಕಟ್ಟಿದರೆ? ಬಾಣಂತಿ ಊಟ ಮಾಡುವಾಗ, ಮಲಗುವಾಗ ಅಜ್ಜಿ, ಅತ್ತೆ, ಚಿಕ್ಕಮ್ಮ, ಗಂಡ ಯಾರಾದರೂ ಎದೆಯ ಬಿಸಿ ಕೊಡಬಹುದು. ಸಿಸೇರಿಯನ್ ಆದ ತಾಯಂದಿರ ಬದಲಿಗೆ ಮನೆಯವರು ಹೀಗೆ ನಿಂತದ್ದು ಐದು ದೇಶಗಳ ಆ ದೊಡ್ಡ ಅಧ್ಯಯನದಲ್ಲೂ ಇದೆ.

ಇನ್ನೊಂದು ಕಾರಣ ಮನೆಯ ಅಳತೆ. ಒಂದೇ ಕೋಣೆ, ಬಂದುಹೋಗುವ ಗಂಡಸರು, ಕೂಸು ನೋಡಲು ಬರುವ ನೆಂಟರು, ಐದನೇ ದಿನದ ಸಟವಿ ಪೂಜೆ, ತೊಟ್ಟಿಲ ಕಾರ್ಯ. ಇಷ್ಟರ ನಡುವೆ ರವಿಕೆ ತೆರೆದು ಎಂಟು ತಾಸು ಕೂರುವುದು ಯಾವ ಹೆಣ್ಣಿಗೂ ಸಲೀಸಲ್ಲ. ಅದಕ್ಕೂ ಮೇಲೆ ದುಡಿಮೆ. ಕಂಪ್ಲಿಯ ಭತ್ತದ ಗದ್ದೆಯಲ್ಲಿ ನಾಟಿ ಶುರುವಾದರೆ, ಕಬ್ಬಿನ ಕಟಾವು ಬಂದರೆ ಮನೆಯ ಇತರ ಹೆಂಗಸರೂ ಹೊರಗೆ ಹೋಗುತ್ತಾರೆ. ಒಲೆ, ನೀರು, ಮೊದಲ ಮಗು ಎಲ್ಲವೂ ಬಾಣಂತಿಯ ತಲೆಮೇಲೆ. ಸಂಡೂರಿನ ತಾಂಡಾಗಳಲ್ಲಿ ಕೂಲಿ ಹುಡುಕಿಕೊಂಡು ಗುಳೆ ಹೋಗುವ ಕುಟುಂಬಗಳ ಪಾಡು ಇನ್ನೂ ಕಷ್ಟದ್ದು. ಎಂಟು ತಾಸು ಕೂಸಿಗೆ ಕೊಡು ಎಂದು ತಾಯಿಗೆ ಹೇಳುವುದೆಂದರೆ ಆ ಎಂಟು ತಾಸಿನ ಕೆಲಸವನ್ನು ಬೇರೆ ಯಾರೋ ಮಾಡಬೇಕೆಂದು ಹೇಳಿದಂತೆ. ಈ ಮಾತನ್ನು ಗಂಡನಿಗೂ ಅತ್ತೆಗೂ ಮುಖಕೊಟ್ಟು ಹೇಳುವವರು ಬೇಕು.

ಹೇಳಬೇಕಾದವಳು ಊರಿನ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಕೂಸನ್ನೂ ಅವಳು 3, 7, 14, 21, 28 ಮತ್ತು 42ನೇ ದಿನ ನೋಡಬೇಕು. ತಕ್ಕಡಿ, ಥರ್ಮಾಮೀಟರ್ ಅವಳ ಚೀಲದಲ್ಲಿರಬೇಕು. ಮನೆಗೇ ಹೋಗಿ ನವಜಾತ ಶಿಶುವನ್ನು ನೋಡಿಕೊಳ್ಳುವ ಈ ಕ್ರಮದ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ನವಜಾತ ಶಿಶು ಮರಣವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದ್ದು 1999ರಲ್ಲೇ ಲ್ಯಾನ್ಸೆಟ್‌ನಲ್ಲಿ ದಾಖಲಾಗಿದೆ. ಅಷ್ಟು ದೊಡ್ಡ ಕೆಲಸವನ್ನು ದೇಶಕ್ಕೆಲ್ಲ ಹಬ್ಬಿಸಿದ ಮೇಲೆ ಆಶಾಗೆ ಗೊತ್ತುಮಾಡಿದ ಪ್ರೋತ್ಸಾಹಧನ ಎಲ್ಲ ಭೇಟಿಗಳೂ ಸೇರಿ ಒಂದು ಕೂಸಿಗೆ 250 ರೂಪಾಯಿ. ಎರಡು ಕಿಲೋದ ಕೂಸಿಗೂ ಮೂರೂವರೆ ಕಿಲೋದ ಕೂಸಿಗೂ ಅವವೇ ಆರು ಭೇಟಿ ಎಂದರೆ ನ್ಯಾಯವಲ್ಲ. ಕಡಿಮೆ ತೂಕದ ಕೂಸು ಮನೆಗೆ ಬಂದ ಮೊದಲ ವಾರ ದಿನಾ ಒಮ್ಮೆ ಹೋಗಿ ನೋಡುವಂತಾಗಬೇಕು, ಆ ಹೆಚ್ಚಿನ ದುಡಿಮೆಗೆ ಹೆಚ್ಚಿನ ಹಣವೂ ಸಿಗಬೇಕು.

ಇಲ್ಲಿ ಮತ್ತೆ ಹೊಳೆ ಅಡ್ಡ ಬರುತ್ತದೆ. ಕಂಪ್ಲಿಗೆ ಜಿಲ್ಲಾ ಕೇಂದ್ರ ಬಳ್ಳಾರಿಗಿಂತ ಹೊಳೆಯಾಚೆಯ ಗಂಗಾವತಿ ಎಷ್ಟೋ ಹತ್ತಿರ. ಜಲಾಶಯದಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿ ಸೇತುವೆಯೇ ಮುಳುಗಿ ಆ ಹತ್ತಿರವೂ ದೂರವಾಗುತ್ತದೆ. ಒಂದು ಜಿಲ್ಲೆಯಲ್ಲಿ ಹೆರಿಗೆ, ಇನ್ನೊಂದರಲ್ಲಿ ತವರು, ಮತ್ತೊಂದರಲ್ಲಿ ಗಂಡನ ಮನೆ. ಹೊಸಪೇಟೆಯಿಂದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಿದ ಕೂಸು ಚೇತರಿಸಿಕೊಂಡು ಹೊರಬಿದ್ದರೆ ಅದರ ಕಾಗದ ಯಾವ ಊರಿನ ಆಶಾಳ ಕೈಗೆ ಸೇರಬೇಕು? ತಾಯಿ ಕಾರ್ಡಿನಲ್ಲಿರುವುದು ಗಂಡನ ಊರು, ಕೂಸು ಇರುವುದು ತವರಿನಲ್ಲಿ. ಬಿಡುಗಡೆಯ ದಿನ ‘ಇಲ್ಲಿಂದ ಯಾವ ಊರಿಗೆ ಹೋಗುತ್ತೀರಿ’ ಎಂದು ಕೇಳಿ, ಆ ಊರಿನ ಆಶಾಗೆ ನರ್ಸ್ ಒಂದು ಫೋನ್ ಮಾಡುವುದನ್ನು ನಿಯಮವಾಗಿಸಲು ಬಜೆಟ್ ಬೇಕಿಲ್ಲ. ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಂದು ಮಧ್ಯಾಹ್ನ ಕೂತು ತೀರ್ಮಾನಿಸಬಹುದಾದ ಸಂಗತಿ ಇದು.

ಆಸ್ಪತ್ರೆಯೊಳಗಿನ ಲೋಪ ಬೇರೆ ಇದೆ. “ಕೂಸು ಪೆಟ್ಟಿಗ್ಯಾಗ ಐತಿ” ಎನ್ನುವ ಮಾತು ಹೆರಿಗೆ ವಾರ್ಡಿನ ಹೊರಗೆ ನಿಂತರೆ ಕೇಳುತ್ತದೆ. ಕೂಸು ಒಳಗೆ, ತಾಯಿ ಇನ್ನೊಂದು ವಾರ್ಡಿನಲ್ಲೋ ಜಗುಲಿಯಲ್ಲೋ. ಹಾಲು ಹಿಂಡಿಕೊಡಲು ಕರೆದಾಗ ಬರಬೇಕು. ಹೀಗೆ ಹತ್ತು ದಿನ ಕಳೆದ ತಾಯಿ ಆ ಸಣ್ಣ ಜೀವವನ್ನು ಮುಟ್ಟಲೂ ಅಂಜುತ್ತಾಳೆ. ಮನೆಗೆ ಹೋದ ಮೇಲೆ ಎಂಟು ತಾಸು ಎದೆಗೆ ಕಟ್ಟಿಕೋ ಎಂದರೆ ಧೈರ್ಯ ಎಲ್ಲಿಂದ ಬಂದೀತು? ಸಫ್ದರ್‌ಜಂಗ್‌ನಲ್ಲಿ ತಾಯಂದಿರ ಮಂಚಗಳನ್ನೇ ಶಿಶು ತೀವ್ರ ನಿಗಾ ಘಟಕದ ಒಳಗೆ ಹಾಕಿದ್ದರು. ಫಲ ಕೊಟ್ಟದ್ದರಲ್ಲಿ ಆ ಏರ್ಪಾಡಿನ ಪಾಲು ದೊಡ್ಡದು.

ಮಂಚಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಏಳಕೂಡದು. ಸಂಡೂರಿನ ಗುಡ್ಡಗಳಿಂದ ಅದಿರು ಲಾರಿಗಳಲ್ಲಿ, ರೈಲುಗಳಲ್ಲಿ ಹೋಗುತ್ತಲೇ ಇದೆ. ಗಣಿಗಾರಿಕೆಯಿಂದ ಬಾಧಿತರಾದ ಜನರಿಗಾಗಿ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಇದೆ, ಅದರ ಖರ್ಚಿನ ಆದ್ಯತೆಗಳಲ್ಲಿ ಆರೋಗ್ಯವೂ, ತಾಯಿ ಮಕ್ಕಳ ಕಲ್ಯಾಣವೂ ಸೇರಿವೆ. ಕಟ್ಟಡಕ್ಕೆ, ಯಂತ್ರಕ್ಕೆ ಹಣ ಮಂಜೂರು ಮಾಡುವುದು ಸುಲಭ. ಅಡಿಗಲ್ಲು ಹಾಕಬಹುದು, ಫಲಕ ತೂಗಿಸಬಹುದು. ಹೊಸಪೇಟೆ, ಸಂಡೂರು, ಕಂಪ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕಡಿಮೆ ತೂಕದ ಪ್ರತಿ ಕೂಸಿನ ಪಕ್ಕ ತಾಯಿ ಒರಗುವ ಒಂದು ಮಂಚ, ಒಂದು ಪರದೆ, ಅವಳಿಗೆ ಮೂರು ಹೊತ್ತಿನ ಊಟ, ಮನೆಗೆ ಹೋಗುವಾಗ ಕಟ್ಟಿಕೊಳ್ಳುವ ಬಟ್ಟೆ, ಮೊದಲ ವಾರ ದಿನಾ ಹೋಗಿ ನೋಡುವ ಆಶಾಗೆ ಆ ದಿನದ ಕೂಲಿ: ನಿಧಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಇಷ್ಟನ್ನು ಬರೆಸಲು ಶಾಸಕರೂ ಜಿಲ್ಲಾಧಿಕಾರಿಗಳೂ ಮನಸ್ಸು ಮಾಡಬೇಕು. ಬರೆಸಿದ ಮೇಲೆ, ಮನೆಗೆ ಬಂದ ಏಳನೇ ದಿನ ಎಷ್ಟು ಕೂಸುಗಳು ಎದೆಯ ಮೇಲಿದ್ದವು ಎಂಬ ಲೆಕ್ಕವನ್ನು ತಿಂಗಳು ತಿಂಗಳು ಕೇಳಬೇಕು.