ಸೀಸೆಯ ಸಾಕ್ಷ್ಯ

ಮಂಗಳೂರಿನ ಬೋಳಾರವೆಂದರೆ ಮಂಗಳಾದೇವಿಯ ಸನ್ನಿಧಿ, ನೇತ್ರಾವತಿಯ ದಡ. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯು ಸಮುದ್ರದ ಉಪ್ಪನ್ನು ಹೊರದೂಡುತ್ತದೆ. ಬೇಸಗೆಯಲ್ಲಿ ಅದರ ಬಲ ಕುಂದಿದೊಡನೆ ಉಬ್ಬರದ ನೀರು ಒಳಕ್ಕೆ ಏರುತ್ತದೆ. ಇಂತಹ ಅಳಿವೆಯ ಮಗ್ಗುಲಲ್ಲಿ ಬಾವಿಯುಳ್ಳ ಗೃಹಸ್ಥನಿಗೆ ಚೈತ್ರ ವೈಶಾಖಗಳಲ್ಲಿ ಒಂದು ಚಿಂತೆ ಸಹಜ: ನೀರು ಕುಡಿಯಲು ಯೋಗ್ಯವಾಗಿ ಉಳಿದಿದೆಯೆ? ನಾಲಗೆಯ ಸಾಕ್ಷ್ಯ ಸಾಲದೆಂದು ಅವನು ಒಂದು ಸೀಸೆ ನೀರನ್ನು ಪ್ರಯೋಗಶಾಲೆಗೆ ಕೊಡುತ್ತಾನೆ. ಆ ನೀರಿನ ಮೇಲೆ ತೀರ್ಪು ಹೇಳುವ ಅಲ್ಲಿಯ ಸೀಸೆಗಳ ವಿಚಾರ ಅವನಿಗೆ ಹೊಳೆಯುವುದೇ ಇಲ್ಲ.

ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಮೋರ್ (1806–1879) ಎಂಬ ರಸಾಯನಜ್ಞನ ಹೆಸರಿನ ವಿಧಾನ ಇಂದಿಗೂ ಈ ಪರೀಕ್ಷೆಗೆ ಬಳಕೆಯಲ್ಲಿದೆ. ನೀರಿಗೆ ತುಸು ಪೊಟ್ಯಾಸಿಯಂ ಕ್ರೋಮೇಟನ್ನು ಬೆರೆಸಿ, ಬೆಳ್ಳಿಯ ನೈಟ್ರೇಟಿನ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡುತ್ತಾರೆ. ಬೆಳ್ಳಿಯು ಮೊದಲು ಉಪ್ಪಿನ ಕ್ಲೋರೈಡನ್ನು ಹಿಡಿದು ಬಿಳಿಯ ಗಸಿಯಾಗುತ್ತದೆ. ಕ್ಲೋರೈಡು ತೀರಿದ ಮೇಲೆ ಹಳದಿಯ ದ್ರವಕ್ಕೆ ಇಟ್ಟಿಗೆಗೆಂಪು ಛಾಯೆ ಬರುತ್ತದೆ. ಅಲ್ಲಿಯವರೆಗೆ ಖರ್ಚಾದ ದ್ರಾವಣವೇ ಉಪ್ಪಿನ ಲೆಕ್ಕ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡು ಸ್ವೀಕಾರಾರ್ಹ. ಬೇರೆ ನೀರೇ ದೊರೆಯದಲ್ಲಿ 1000ದವರೆಗೆ ಅನುಮತಿಯುಂಟು.

ಇಲ್ಲಿ ಮೋಸ ಹೋಗುವುದು ಎಷ್ಟು ಸುಲಭವೆಂಬುದಕ್ಕೆ ಒಂದು ಲೆಕ್ಕ ಸಾಕು. ಬಾವಿಯ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಮಾತ್ರ ಕ್ಲೋರೈಡು ಇದೆಯೆನ್ನೋಣ. ಪರೀಕ್ಷಕನು ಅದರಲ್ಲಿ 10 ಮಿಲಿಲೀಟರು ತೆಗೆದು 100ಕ್ಕೆ ತೆಳುಮಾಡುತ್ತಾನೆ. ಬೆರೆಸಿದ 90 ಮಿಲಿಲೀಟರು ಬಟ್ಟಿಯಿಳಿಸಿದ ನೀರಲ್ಲದೆ ನಲ್ಲಿಯ ನೀರಾಗಿದ್ದು, ಅದರಲ್ಲಿ ಲೀಟರಿಗೆ ಬರಿಯ 20 ಮಿಲಿಗ್ರಾಂ ಇದ್ದರೂ ವರದಿಯಲ್ಲಿ 280 ಎಂದು ಬೀಳುತ್ತದೆ. ಒಳ್ಳೆಯ ಬಾವಿಯೊಂದು ಕಾಗದದ ಮೇಲೆ ಕೆಟ್ಟುಹೋಯಿತು! ಈ ಕಾರಣದಿಂದಲೇ ಪ್ರಯೋಗಶಾಲೆಯ ನೀರಿಗೂ 1070 ಎಂಬ ಪ್ರತ್ಯೇಕ ಭಾರತೀಯ ಮಾನಕವಿದೆ.

ಕಾರಕಗಳನ್ನು ಕೊಳ್ಳುವಲ್ಲಿಯೂ ಇದೇ ಎಚ್ಚರ ಬೇಕು. ಒಂದೇ ವಸ್ತು ಹಲವು ದರ್ಜೆಗಳಲ್ಲಿ ಮಾರಾಟಕ್ಕೆ ಬರುತ್ತದೆ: ಕೈಗಾರಿಕೆಯದು, ಸಾಮಾನ್ಯ ಪ್ರಯೋಗದ ಎಲ್.ಆರ್., ವಿಶ್ಲೇಷಣೆಯ ಎ.ಆರ್. ಶೌಚಸ್ಥಾನ ತೊಳೆಯಲು ಕೊಳ್ಳುವ ಹೈಡ್ರೋಕ್ಲೋರಿಕ್ ಆಮ್ಲದ ಹಳದಿ ಬಣ್ಣಕ್ಕೆ ಬಹುಮಟ್ಟಿಗೆ ಕಬ್ಬಿಣವೇ ಕಾರಣ. ಮುರಕಲ್ಲಿನ ನೆಲದ ಬಾವಿಯಲ್ಲಿ ಕಬ್ಬಿಣವಿದೆಯೆ ಎಂದು ಅದರಿಂದಲೇ ಪರೀಕ್ಷಿಸಿದರೆ ಸಿಗುವುದು ಆಮ್ಲದ ಕಬ್ಬಿಣ. ದ್ರಾವಕಗಳ ಪಾಡು ಇನ್ನೂ ಸೂಕ್ಷ್ಮ. ನೀರಿನೊಳಗಿನ ಕೀಟನಾಶಕದ ಅಂಶವನ್ನು ಹೆಕ್ಸೇನಿನಲ್ಲಿ ಸೆಳೆದು, 500 ಮಿಲಿಲೀಟರನ್ನು ಒಂದಕ್ಕೆ ಇಂಗಿಸಿದಾಗ ಹೆಕ್ಸೇನಿನಲ್ಲಿ ಆರದೆ ಉಳಿಯುವ ಕಲ್ಮಷವೂ ಐನೂರು ಪಟ್ಟು ಸಾಂದ್ರವಾಗುತ್ತದೆ. ಹಾಗೆಂದು ಎಲ್ಲಕ್ಕೂ ಅತ್ಯುಚ್ಚ ದರ್ಜೆಯೇ ಬೇಕೆಂದಲ್ಲ. ಗಾಜಿನ ಪಾತ್ರೆ ತೊಳೆಯಲು ಶುದ್ಧತಮ ಅಸಿಟೋನನ್ನು ಸುರಿಯುವುದು ಹಣದ ಪೋಲು.

ಒಂದು ಕಾಲದಲ್ಲಿ ಭಾರತದ ಪ್ರಯೋಗಶಾಲೆಗಳು ಇಂಗ್ಲೆಂಡು, ಜರ್ಮನಿಗಳ ಹಡಗುಗಳಿಗಾಗಿ ಕಾಯುತ್ತಿದ್ದುವು. ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರು ಕಲ್ಕತ್ತೆಯಲ್ಲಿ ಆರಂಭಿಸಿ, 1901ರಲ್ಲಿ ಕಂಪೆನಿಯಾದ ಬೆಂಗಾಲ್ ಕೆಮಿಕಲ್ಸ್ ಸ್ವಾವಲಂಬನೆಯ ದಾರಿ ತೋರಿತು. ಇಂದು ದೇಶದಲ್ಲಿಯೇ ತಯಾರಾದ ಸೀಸೆಗಳು ದೊರೆಯುತ್ತವೆ. ಆದರೆ ಕೊಳ್ಳುವ ಕ್ರಮಕ್ಕೆ ಕಟ್ಟಳೆಗಳುಂಟು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಮ್ಲದ ಚಿಲ್ಲರೆ ಮಾರಾಟಕ್ಕೆ ಕೊಳ್ಳುವವರ ಗುರುತಿನ ಚೀಟಿ, ದಾಖಲೆಪುಸ್ತಕಗಳ ನಿಬಂಧನೆ ವಿಧಿಸಿತು. ಶುದ್ಧ ಮದ್ಯಸಾರಕ್ಕೆ ಅಬಕಾರಿಯ ಅನುಮತಿ ಬೇಕು.

ತಂದ ಮೇಲೆ ಕಾಪಾಡುವುದೂ ಕೊಳ್ಳುವಷ್ಟೇ ಮುಖ್ಯ. ಬೆಳ್ಳಿಯ ನೈಟ್ರೇಟು ಬೆಳಕಿಗೆ ಕೆಡುವುದರಿಂದ ಅದಕ್ಕೆ ಕಂದು ಸೀಸೆಯೇ ಮನೆ. ಅದರ ದ್ರಾವಣ ದುರ್ಬಲವಾದಷ್ಟೂ ಹೆಚ್ಚು ಖರ್ಚಾಗಿ, ಇಲ್ಲದ ಉಪ್ಪು ಲೆಕ್ಕಕ್ಕೆ ಸೇರುತ್ತದೆ. ಕಾಸ್ಟಿಕ್ ಸೋಡವಂತೂ ಕರಾವಳಿಯ ಆಷಾಢದ ತೇವವನ್ನು ಹೀರಿ ತಕ್ಕಡಿಯಲ್ಲಿ ಸುಳ್ಳು ತೂಕ ತೋರಿಸುತ್ತದೆ. ವರ್ಷಕ್ಕೆಂದು ದೊಡ್ಡ ಡಬ್ಬಿ ತರುವುದಕ್ಕಿಂತ ಬೇಕಾದಷ್ಟೇ ಚಿಕ್ಕ ಸೀಸೆ, ತೆರೆದ ದಿನಾಂಕ ಬರೆದಿಟ್ಟು, ಬಳಸುವುದು ಜಾಣತನ.

ಇಷ್ಟಾದರೂ ಪರೀಕ್ಷಕನು ಎರಡು ಕೆಲಸಗಳನ್ನು ಬಿಡುವಂತಿಲ್ಲ. ಬಾವಿಯ ನೀರಿಲ್ಲದೆ, ಉಳಿದೆಲ್ಲವನ್ನೂ ಸೇರಿಸಿ ಒಮ್ಮೆ ಬರಿದೇ ಪರೀಕ್ಷೆ ನಡೆಸಿದರೆ ಬೆರೆಸಿದ ನೀರಿನ ಮತ್ತು ಕಾರಕಗಳ ಕಲ್ಮಷ ಬಯಲಾಗುತ್ತದೆ. ಶುದ್ಧ ಸೋಡಿಯಂ ಕ್ಲೋರೈಡನ್ನು ತೂಗಿ ಪರೀಕ್ಷಿಸಿದರೆ ಬೆಳ್ಳಿಯ ದ್ರಾವಣದ ನಿಜಬಲ ತಿಳಿಯುತ್ತದೆ. ವರದಿ ಪಡೆಯುವ ಗೃಹಸ್ಥನು ಇವೆರಡೂ ನಡೆದುವೆ ಎಂದು ಕೇಳಿದರೆ ಅದು ಉದ್ಧಟತನವಲ್ಲ. ಅಜ್ಜನ ಕಾಲದ ಬಾವಿಯನ್ನು ಮುಚ್ಚುವುದೋ, ಮಕ್ಕಳಿಗೆ ಅದೇ ನೀರನ್ನು ಕುಡಿಸುವುದೋ ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ.