ಹಳಿ ಬಂದರಾಯಿತೇ, ರೈಲು ಬೇಡವೇ?

ಹಗರಿಬೊಮ್ಮನಹಳ್ಳಿಯ ಜನರಿಗೆ ಹಳಿಗೂ ರೈಲಿಗೂ ಇರುವ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಹೊಸಪೇಟೆ-ಕೊಟ್ಟೂರು ಮಾರ್ಗಕ್ಕೆ ಬ್ರಿಟಿಷರ ಕಾಲದಲ್ಲೇ ಹಳಿ ಬಂದಿತ್ತು. ಮುಂದೆ ಅದು ಬ್ರಾಡ್‌ಗೇಜ್ ಕೂಡ ಆಯಿತು. ಆದರೆ ಆ ಹಳಿಯ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಬೇಕಾದರೆ 2019ರ ವರೆಗೆ ಕಾಯಬೇಕಾಯಿತು. ಈಗ ಅದೇ ಕಥೆ ಫೈಬರ್ ತಂತಿಯದ್ದು.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟವು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ನೀಡಿತು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತ್‌ಗಳನ್ನು ಬೆಸೆಯುವುದು ಗುರಿ. ಬಳಿಕ ಅದು ಭಾರತ್‌ನೆಟ್ ಆಯಿತು. 2017ರ ಕೊನೆಗೆ ಮೊದಲ ಹಂತದ ಒಂದು ಲಕ್ಷ ಪಂಚಾಯತ್‌ಗಳನ್ನು ಮುಗಿಸಿದೆವು ಎಂದು ಸರಕಾರ ಬೆನ್ನು ತಟ್ಟಿಕೊಂಡಿತು. ಆದರೆ ತಂತಿ ಬಂದು ನಿಂತದ್ದು ಪಂಚಾಯತ್ ಕಚೇರಿಯ ಗೋಡೆಯಲ್ಲಿ. ಅದೂ ಗಟ್ಟಿಯಾಗಿ ನಿಲ್ಲಲಿಲ್ಲ. ಯಾಕೆಂದರೆ, ಮೊದಲ ಹಂತದಲ್ಲಿ ತಂತಿಯನ್ನು ನೇರ ಗೆರೆಯಂತೆ ಎಳೆಯಲಾಗಿತ್ತು. ರಸ್ತೆ ಅಗೆಯುವ ಜೆಸಿಬಿ ಒಂದು ಕಡೆ ಕತ್ತರಿಸಿದರೆ ಆಚೆಗಿನ ಹಳ್ಳಿಗಳೆಲ್ಲ ಸಂಪರ್ಕ ಕಳಕೊಳ್ಳುತ್ತವೆ. ಉಂಗುರದಂತೆ ಸುತ್ತಿದ್ದರೆ ಇನ್ನೊಂದು ದಿಕ್ಕಿನಿಂದ ಹರಿದು ಬರುತ್ತಿತ್ತು. ಈ ಸರಳ ಸಂಗತಿಯನ್ನು ತಿದ್ದುವುದಕ್ಕೆ 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಹೊಸ ಯೋಜನೆಯೇ ಬೇಕಾಯಿತು!

ಪ್ರಶ್ನೆ ಇರುವುದು ಇಲ್ಲೇ. ಪಂಚಾಯತ್ ಗೋಡೆಯಿಂದ ಮನೆಯ ಬಾಗಿಲ ವರೆಗೆ ತಂತಿ ಎಳೆಯುವವರು ಯಾರು? ತುಂಡಾದಾಗ ಏಣಿ ಹೊತ್ತು ಬರುವವರು ಯಾರು? ದಿಲ್ಲಿಯ ಕಂಪೆನಿಯಂತೂ ಅಲ್ಲ. ಬರುವುದು ಊರಿನ ಕೇಬಲ್ ಟಿವಿಯ ಹುಡುಗ. ಅವನಿಗೆ ಪ್ರತಿ ಓಣಿ ಗೊತ್ತು, ಯಾರ ಮನೆಯ ಮಾಡಿನ ಮೇಲೆ ಹತ್ತಬಹುದು ಎಂಬುದೂ ಗೊತ್ತು. ಆದರೆ ನಮ್ಮಲ್ಲಿ ಇಂಥವರಲ್ಲಿ ಹೆಚ್ಚಿನವರು ದೊಡ್ಡ ಕಂಪೆನಿಗಳ ಏಜೆಂಟರಾಗಿಯೇ ಉಳಿದಿದ್ದಾರೆ. ಬೆವರು ಇವರದ್ದು, ಗಿರಾಕಿ ಅವರದ್ದು.

ಹಾಗಂತ ಸ್ವಂತ ಜಾಲ ಕಟ್ಟುವುದಕ್ಕೆ ಕಾನೂನು ಅಡ್ಡಿಯಾಗಿರಲಿಲ್ಲ. 2013ರ ಏಕೀಕೃತ ಪರವಾನಗಿ ವ್ಯವಸ್ಥೆಯಲ್ಲಿ ದೇಶವ್ಯಾಪಿ ಇಂಟರ್‌ನೆಟ್ ಸೇವೆಯ ಪ್ರವೇಶ ಶುಲ್ಕ 30 ಲಕ್ಷ ರೂ. ಇದ್ದರೆ, ಜಿಲ್ಲಾ ಮಟ್ಟದ 'ಸಿ' ವರ್ಗಕ್ಕೆ ಇದ್ದದ್ದು ಬರೇ 20 ಸಾವಿರ. ಒಂದು ಎಮ್ಮೆಯ ಬೆಲೆಗಿಂತಲೂ ಕಡಿಮೆ. ನಿಜವಾದ ಖರ್ಚು ಬೇರೆಡೆ ಇದೆ: ಕಂಬದ ಬಾಡಿಗೆ, ರಸ್ತೆ ಅಗೆಯುವ ಅನುಮತಿ, ಹೊರಗಿನಿಂದ ಕೊಳ್ಳಬೇಕಾದ ಬ್ಯಾಂಡ್‌ವಿಡ್ತ್. ಇವು ಮೂರರಲ್ಲೂ ಸರಕಾರದ ಕೈ ಇದೆ.

ಪಕ್ಕದ ಕೇರಳ 2023ರ ಜೂನ್ 5ರಂದು ಕೆಫೋನ್ ಜಾಲವನ್ನು ಉದ್ಘಾಟಿಸಿತು. ಅದು ಸಾಗುವುದು ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ. ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಎಂಬ ಭರವಸೆ ಕುಂಟುತ್ತಾ ಸಾಗಿತೆಂಬ ಟೀಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ದಾರಿ ಸರಿಯಿದೆ. 2019ರಲ್ಲಿ ವಿದ್ಯಾರ್ಥಿನಿ ಫಹೀಮಾ ಶಿರೀನ್ ಪ್ರಕರಣದಲ್ಲಿ, ಇಂಟರ್‌ನೆಟ್ ಬಳಕೆಯು ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿದ್ದೂ ಅದೇ ರಾಜ್ಯದ ಹೈಕೋರ್ಟ್.

ನಮ್ಮಲ್ಲಿ ವಿದ್ಯಾರ್ಥಿವೇತನದ ಅರ್ಜಿಯೂ ಆನ್‌ಲೈನ್, ಪಡಿತರದ ಹೆಬ್ಬೆಟ್ಟೂ ಆನ್‌ಲೈನ್. ಸರ್ವರ್ ಇಲ್ಲವೆಂದರೆ ಕೂಲಿಯವಳ ಒಂದು ದಿನದ ಸಂಬಳ ಹೋಯಿತು. ಹಗರಿಬೊಮ್ಮನಹಳ್ಳಿಯ ಓಣಿಗಳಲ್ಲಿ ಜೆಸ್ಕಾಂ ಕಂಬಗಳು ಈಗಾಗಲೇ ನಿಂತಿವೆ, ಪಂಚಾಯತ್‌ಗಳಿಗೆಂದು ಎಳೆದ ತಂತಿಯಲ್ಲಿ ಎಷ್ಟೋ ಎಳೆಗಳು ಖಾಲಿ ಇವೆ. ಸ್ಥಳೀಯ ಯುವಕರ ಸಹಕಾರ ಸಂಘಕ್ಕೋ ಸಣ್ಣ ಕಂಪೆನಿಗೋ ಇವೆರಡನ್ನೂ ನ್ಯಾಯವಾದ ಬಾಡಿಗೆಗೆ ಕೊಡುವುದಕ್ಕೆ ವಿಜಯನಗರ ಜಿಲ್ಲಾಡಳಿತ ಮತ್ತು ಜೆಸ್ಕಾಂ ಒಟ್ಟಿಗೆ ಕೂತು ಮಾತಾಡಲಿ.